ಟಿ206 ಹೋನಸ್ ವ್ಯಾಗ್ನರ್ ಕಾರ್ಡ್

ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ (1874–1955) ಚಿತ್ರವಿರುವ, ಸಂಗ್ರಾಹಕರಲ್ಲಿ ಅತ್ಯಂತ ಹೆಸರಾದ ಹಳೆಯ ಕಾರ್ಡ್. ಅಮೆರಿಕನ್ ಟೊಬ್ಯಾಕೊ ಕಂಪನಿ 1909–1911ರ ನಡುವೆ ಸಿಗರೇಟ್ ಪ್ಯಾಕುಗಳಲ್ಲಿಟ್ಟು ಹಂಚಿದ ಮಾಲೆಗೆ ಸೇರಿದ್ದು. ‘ಟಿ206’ ಎಂಬುದು ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ತನ್ನ ಕಾರ್ಡ್ ಸೂಚಿಯಲ್ಲಿ ಈ ಮಾಲೆಗೆ ಕೊಟ್ಟ ಸಂಖ್ಯೆ.

ಕಾರ್ಡಿನ ಅಗಲ ಸುಮಾರು ಒಂದೂವರೆ ಅಂಗುಲ, ಎತ್ತರ ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಕಿತ್ತಳೆ ಹಿನ್ನೆಲೆಯಲ್ಲಿ ವ್ಯಾಗ್ನರ್‌ನ ಎದೆಮಟ್ಟದ ಚಿತ್ರ, ಸುತ್ತ ಬಿಳಿ ಅಂಚು, ಕೆಳಗೆ ಆಟಗಾರನ ಮತ್ತು ಅವನ ತಂಡದ ಊರಿನ ಹೆಸರು ಇವೆ.

ಈ ಕಾರ್ಡಿನ ವಿರಳತೆಗೆ ಕಾರಣ ಅದರ ಮುದ್ರಣ ಬೇಗನೆ ನಿಂತದ್ದು. ಮಕ್ಕಳು ಕಾರ್ಡಿಗಾಗಿ ತಂಬಾಕು ಕೊಳ್ಳುವುದು ವ್ಯಾಗ್ನರ್‌ಗೆ ಒಪ್ಪಿಗೆಯಾಗಲಿಲ್ಲ ಎಂಬುದು ಪ್ರಚಲಿತ ವಿವರಣೆ. ಸಂಭಾವನೆಯ ತಕರಾರೇ ಕಾರಣವೆಂದು ಹೇಳುವವರೂ ಇದ್ದಾರೆ. ಇಂದು ಉಳಿದಿರುವುದು ಸುಮಾರು 50–60 ಪ್ರತಿಗಳು ಮಾತ್ರ.

ಬೆಲೆಯನ್ನು ನಿರ್ಧರಿಸುವುದು ವಿರಳತೆಯೊಂದೇ ಅಲ್ಲ. ಮೂಲೆಗಳ ಚೂಪು, ಅಂಚಿನ ಸಮತೆ, ಮಡಿಕೆ, ಕಲೆ, ಹಿಂದಿನ ಒಡೆತನದ ದಾಖಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್ಕಿ 1991ರಲ್ಲಿ ಪಾಲುದಾರನೊಡನೆ 4,51,000 ಡಾಲರಿಗೆ ಕೊಂಡ ಪ್ರತಿ 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಹರಾಜುದಾರ ಬಿಲ್ ಮ್ಯಾಸ್ಟ್ರೊ ಅದರ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿನ ಬೆಲೆ ಸಾಮಾನ್ಯವಾಗಿ ಕುಸಿಯುವುದರಿಂದ ಈ ಪ್ರಕರಣ ದೊಡ್ಡ ಸುದ್ದಿಯಾಯಿತು.

2022ರ ಆಗಸ್ಟಿನಲ್ಲಿ ಇನ್ನೊಂದು ಪ್ರತಿ ಕ್ರೀಡಾ ಕಾರ್ಡುಗಳಲ್ಲೇ ದಾಖಲೆ ಬೆಲೆಯಾದ 72.5 ಲಕ್ಷ ಡಾಲರಿಗೆ ಖಾಸಗಿಯಾಗಿ ಮಾರಾಟವಾಯಿತು. ಅದೇ ತಿಂಗಳು ಟಾಪ್ಸ್ ಕಂಪನಿಯ 1952ರ, ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಚಿತ್ರವಿರುವ ಕಾರ್ಡ್ 1.26 ಕೋಟಿ ಡಾಲರ್ ಗಳಿಸಿ ಆ ದಾಖಲೆಯನ್ನು ಮುರಿಯಿತು.