ಈ ದೇಹದಲ್ಲಿಯೇ ಬುದ್ಧತ್ವ: ಕೂಕೈ ಮತ್ತು ಪಂಚಜ್ಞಾನಗಳು

ಬುದ್ಧನಾಗಲು ಎಷ್ಟು ಕಾಲ ಬೇಕು? ಮಹಾಯಾನದ ಶಾಸ್ತ್ರಕಾರರು ಹೇಳುವ ಲೆಕ್ಕ ಮೂರು ಅಸಂಖ್ಯೇಯ ಕಲ್ಪಗಳು. ಬೋಧಿಸತ್ತ್ವನು ಜನ್ಮಜನ್ಮಾಂತರಗಳಲ್ಲಿ ದಾನ, ಶೀಲ, ಕ್ಷಾಂತಿ ಮೊದಲಾದ ಪಾರಮಿತೆಗಳನ್ನು ತುಂಬಿಕೊಳ್ಳುತ್ತ ಸಾಗಬೇಕು. ಜಪಾನಿನ ಭಿಕ್ಷು ಕೂಕೈ (774–835) ಈ ಲೆಕ್ಕವನ್ನು ಒಪ್ಪಲಿಲ್ಲ. ಈ ದೇಹದಲ್ಲಿಯೇ ಬುದ್ಧತ್ವ ಸಾಧ್ಯವೆಂದು ಸ್ಥಾಪಿಸಲು ಅವನು ಒಂದು ಗ್ರಂಥವನ್ನೇ ಬರೆದನು. ಮೇಲ್ನೋಟಕ್ಕೆ ಇದು ಅಡ್ಡದಾರಿಯಂತೆ ತೋರುತ್ತದೆ. ಆದರೆ ಮಂತ್ರಯಾನವು ದಾರಿಯನ್ನು ಮೊಟಕುಗೊಳಿಸುವ ಮೊದಲೇ ‘ಬುದ್ಧ’ ಎಂಬ ಶಬ್ದದ ಅರ್ಥವನ್ನು ಬದಲಿಸಿತ್ತು.

ಆ ಬದಲಾವಣೆ ನಡೆದದ್ದು ಭಾರತದಲ್ಲಿ. ‘ಸರ್ವತಥಾಗತತತ್ತ್ವಸಂಗ್ರಹ’ವು ಬೋಧಿಯ ಕಥೆಯನ್ನು ಹೊಸದಾಗಿ ಹೇಳುತ್ತದೆ. ಬೋಧಿಮಂಡದಲ್ಲಿ ಉಸಿರನ್ನೂ ತಡೆದು ನಿಶ್ಚಲ ಸಮಾಧಿಯಲ್ಲಿ ಕುಳಿತಿದ್ದ ಸರ್ವಾರ್ಥಸಿದ್ಧಿಯನ್ನು ತಥಾಗತರೆಲ್ಲರೂ ಎಚ್ಚರಿಸಿ, ತತ್ತ್ವವನ್ನರಿಯದ ಈ ತಪಸ್ಸಿನಿಂದ ಬೋಧಿ ಹೇಗೆ ದೊರೆತೀತೆಂದು ಕೇಳುತ್ತಾರೆ. ಅವರ ಬೋಧನೆಯಂತೆ ಅವನು ತನ್ನ ಚಿತ್ತವನ್ನು ಪರೀಕ್ಷಿಸಿದಾಗ ಹೃದಯದಲ್ಲಿ ಚಂದ್ರಮಂಡಲ ಕಾಣುತ್ತದೆ, ಅದರ ಮೇಲೆ ವಜ್ರ. ಕೊನೆಗೆ ಸಕಲ ತಥಾಗತರು ಯಾವ ಸ್ವರೂಪದವರೋ ತಾನೂ ಅದೇ ಎಂದು ಅರಿಯುತ್ತಾನೆ. ಹೊರಗಿನಿಂದ ಬಂದು ಸೇರಿದ್ದು ಇಲ್ಲಿ ಏನೂ ಇಲ್ಲ.

ಈ ಪರಂಪರೆಯನ್ನು ಸಮುದ್ರಮಾರ್ಗವಾಗಿ ಚೀನಕ್ಕೆ ಒಯ್ದವನು ವಜ್ರಬೋಧಿ (671–741). ಅವನ ಶಿಷ್ಯ ಅಮೋಘವಜ್ರ. ಅಮೋಘವಜ್ರನ ಶಿಷ್ಯ ಹುಯ್‌ಗುವೊ. 805ರಲ್ಲಿ ಚಾಂಗ್‌ಆನ್ ನಗರದಲ್ಲಿ ಹುಯ್‌ಗುವೊನಿಂದ ಅಭಿಷೇಕ ಪಡೆದಾಗ ಕೂಕೈ ಎಸೆದ ಹೂವು ಎರಡು ಮಂಡಲಗಳಲ್ಲಿಯೂ ನಡುವಿನ ಮಹಾವೈರೋಚನನ ಮೇಲೆಯೇ ಬಿದ್ದಿತೆಂದು ಸಂಪ್ರದಾಯ ಹೇಳುತ್ತದೆ. ಕೆಲವೇ ತಿಂಗಳಲ್ಲಿ ಗುರು ತೀರಿಕೊಂಡನು. ಮರುವರ್ಷ ಶಿಷ್ಯನು ಜಪಾನಿಗೆ ಮರಳಿದನು.

ಮಂಡಲದ ಐವರು ಬುದ್ಧರು ಐದು ಜ್ಞಾನಗಳ ರೂಪಗಳು. ಅವುಗಳಲ್ಲಿ ನಾಲ್ಕನ್ನು ಯೋಗಾಚಾರದ ವಿಜ್ಞಾನವಾದಿಗಳು ಮೊದಲೇ ವಿವರಿಸಿದ್ದರು. ಕರ್ಮವಾಸನೆಗಳನ್ನು ಹೊತ್ತ ಆಲಯವಿಜ್ಞಾನವು ಪರಿವರ್ತನೆ ಹೊಂದಿದರೆ ಆದರ್ಶಜ್ಞಾನ. ‘ಆದರ್ಶ’ವೆಂದರೆ ಇಲ್ಲಿ ಕನ್ನಡಿ, ಇಂದಿನ ಬಳಕೆಯ ಅರ್ಥವನ್ನು ಮರೆಯಬೇಕು. ‘ನಾನು’ ಎಂದು ಹಿಡಿದುಕೊಳ್ಳುವ ಕ್ಲಿಷ್ಟಮನಸ್ಸು ಸಮತಾಜ್ಞಾನವಾಗುತ್ತದೆ. ಬಗೆಬಗೆಯಾಗಿ ವಿಂಗಡಿಸುವ ಮನೋವಿಜ್ಞಾನವು ಪ್ರತ್ಯವೇಕ್ಷಣಾಜ್ಞಾನವಾಗಿ, ಪ್ರತಿಯೊಂದನ್ನೂ ಅದರದರ ವಿಶೇಷದಲ್ಲಿ ಕಾಣುತ್ತದೆ. ಕಣ್ಣು, ಕಿವಿ ಮೊದಲಾದ ಐದು ಇಂದ್ರಿಯಗಳ ಅರಿವು ಕೃತ್ಯಾನುಷ್ಠಾನಜ್ಞಾನ, ಎಂದರೆ ಮಾಡಬೇಕಾದುದನ್ನು ಮಾಡಿ ಮುಗಿಸುವ ಅರಿವು. ಅಕ್ಷೋಭ್ಯ, ರತ್ನಸಂಭವ, ಅಮಿತಾಭ, ಅಮೋಘಸಿದ್ಧಿಗಳು ಕ್ರಮವಾಗಿ ಇವುಗಳ ಅಧಿಪತಿಗಳು. ನಡುವೆ ವೈರೋಚನ, ಅವನದು ಇವೆಲ್ಲಕ್ಕೂ ನೆಲೆಯಾದ ಧರ್ಮಧಾತುಜ್ಞಾನ. ಕಲುಷಿತವಾದ ಅರಿವೇ ಜ್ಞಾನಕ್ಕೆ ಕಚ್ಚಾವಸ್ತು ಎಂಬುದು ಈ ವಿವರಣೆಯ ಜೀವಾಳ. ಅದನ್ನು ನಾಶಮಾಡಿದರೆ ಪರಿವರ್ತಿಸಲು ಏನೂ ಉಳಿಯುವುದಿಲ್ಲ.

ಕೂಕೈ ಇದಕ್ಕೆ ದೇಹವನ್ನು ಸೇರಿಸಿದನು. ಪೃಥಿವಿ, ಜಲ, ತೇಜಸ್ಸು, ವಾಯು, ಆಕಾಶ, ವಿಜ್ಞಾನ ಎಂಬ ಆರು ಧಾತುಗಳೇ ಮಹಾವೈರೋಚನನ ಶರೀರ. ಮನುಷ್ಯನ ಶರೀರವೂ ಅವುಗಳಿಂದಲೇ ಆದುದು. ಕೈಯಲ್ಲಿ ಮುದ್ರೆ, ನಾಲಿಗೆಯಲ್ಲಿ ಮಂತ್ರ, ಮನಸ್ಸಿನಲ್ಲಿ ಧ್ಯಾನ ಕೂಡಿದಾಗ ಎರಡರ ನಡುವಣ ಅಭೇದ ಅನುಭವಕ್ಕೆ ಬರುತ್ತದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪ ಬಂದದ್ದು ಪೂರ್ವ ಜಪಾನಿನ ತೊಕುಯಿತ್ಸು ಎಂಬ ಭಿಕ್ಷುವಿನಿಂದ. ಅವನು ಯೋಗಾಚಾರದ ಜಪಾನೀ ಶಾಖೆಯಾದ ಹೊಸ್ಸೊ ಪಂಥದವನು. ನಾಲ್ಕು ಜ್ಞಾನಗಳನ್ನು ಕೊಟ್ಟ ಮನೆಯವನೇ ಪ್ರಶ್ನೆ ಎತ್ತಿದನು. ಈ ದೇಹದಲ್ಲಿಯೇ ಬುದ್ಧನಾಗುವವನು ಬೋಧಿಸತ್ತ್ವನ ದೀರ್ಘ ಚರ್ಯೆಯನ್ನು ಪೂರೈಸಿದ್ದು ಯಾವಾಗ? ದುಃಖದಲ್ಲಿರುವ ಜೀವಿಗಳನ್ನು ಬಿಟ್ಟು ತಾನೊಬ್ಬನೇ ಬೇಗ ದಡ ಸೇರುವುದರಲ್ಲಿ ಕರುಣೆ ಎಲ್ಲಿದೆ? ಇದು ಹಗುರವಾದ ಪ್ರಶ್ನೆಯಲ್ಲ. ಅಸಂಖ್ಯೇಯ ಕಲ್ಪಗಳ ಲೆಕ್ಕದ ಹಿಂದೆ ಇದ್ದದ್ದು ಇದೇ ಕರುಣೆ. ಕಾಲವನ್ನು ಕಳೆದರೆ ಕರುಣೆಯೂ ಕಳೆದುಹೋಗುವ ಭಯ ನಿಜವಾದದ್ದು.

ತರ್ಕದಿಂದ ಇದಕ್ಕೆ ಸಮಾಧಾನ ಹೇಳಬಹುದು: ಬುದ್ಧತ್ವವು ಯಾತ್ರೆಯ ಕೊನೆಯಾಗಿದ್ದರೆ ಆಕ್ಷೇಪ ನಿಲ್ಲುತ್ತದೆ, ಕೆಲಸದ ಆರಂಭವಾಗಿದ್ದರೆ ನಿಲ್ಲುವುದಿಲ್ಲ. ಆದರೆ ಕೂಕೈಯ ಚರಿತ್ರೆಯೇ ತರ್ಕಕ್ಕಿಂತ ಹೆಚ್ಚು ಹೇಳುತ್ತದೆ. 828ರಲ್ಲಿ ಅವನು ಕ್ಯೋಟೋದಲ್ಲಿ ಸಾಮಾನ್ಯರ ಮಕ್ಕಳಿಗೂ ಪ್ರವೇಶವಿದ್ದ ಪಾಠಶಾಲೆಯನ್ನು ತೆರೆದನು. ಅವನ ಕಾಲಾನಂತರ ಅದು ಹೆಚ್ಚು ದಿನ ಬಾಳಲಿಲ್ಲ. ಅದಕ್ಕೂ ಮುಂಚೆ, 821ರಲ್ಲಿ, ಒಡೆದುಹೋಗಿದ್ದ ಮನ್ನೊ ಕೆರೆಯ ಏರಿಯನ್ನು ಕಟ್ಟಿಸಲು ಅವನನ್ನು ಹುಟ್ಟೂರಿನ ಸೀಮೆಯಾದ ಸನುಕಿಗೆ ಕಳುಹಿಸಲಾಗಿತ್ತು. ಆ ಕೆರೆ ಮುಂದೆಯೂ ಒಡೆಯಿತು, ಮತ್ತೆ ಕಟ್ಟಲಾಯಿತು. ಇಂದಿಗೂ ಅಲ್ಲಿನ ಭತ್ತದ ಗದ್ದೆಗಳಿಗೆ ನೀರು ಹರಿಯುವುದು ಅದರಿಂದಲೇ.