ಬೆನ್ನುಹುರಿ ಗಾಯದ ಹೊಸ ಚಿಕಿತ್ಸೆಗಳು: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ರಸ್ತೆ ಅಪಘಾತ, ಎತ್ತರದಿಂದ ಬೀಳುವುದು ಮುಂತಾದ ಕಾರಣಗಳಿಂದ ಬೆನ್ನುಹುರಿಗೆ ಪೆಟ್ಟಾದಲ್ಲಿ ಗಾಯದ ಕೆಳಭಾಗದ ಚಲನೆ, ಸ್ಪರ್ಶಜ್ಞಾನ ಹಾಗೂ ಮಲಮೂತ್ರ ನಿಯಂತ್ರಣವು ಭಾಗಶಃ ಅಥವಾ ಪೂರ್ಣವಾಗಿ ನಷ್ಟವಾಗುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನಾಗರಿಕರು ಚಿಕಿತ್ಸೆಗಾಗಿ ಬೆಳಗಾವಿಗಲ್ಲದೆ ನೆರೆಯ ಮಹಾರಾಷ್ಟ್ರದ ಮಿರಜ ಹಾಗೂ ಕೊಲ್ಹಾಪುರಕ್ಕೂ ತೆರಳುವುದುಂಟು. ಹೊಸ ಚಿಕಿತ್ಸೆಯಿಂದ ರೋಗಿಯು ಮತ್ತೆ ನಡೆಯುವನೆಂಬ ಭರವಸೆಯನ್ನು ನಂಬಿ ಜಮೀನು ಮಾರುವ ಅಥವಾ ಸಾಲ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಹೊಸ ಚಿಕಿತ್ಸೆಗಳ ಸ್ಥಿತಿ

ತುಂಡಾದ ಬೆನ್ನುಹುರಿಯನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇದುವರೆಗೆ ಲಭ್ಯವಿಲ್ಲ. ಸಂಶೋಧನೆ ಮಾತ್ರ ಮುಂದುವರಿದಿದೆ.

ಜಪಾನಿನ ಕೇಯೊ ವಿಶ್ವವಿದ್ಯಾಲಯವು ಗಾಯವಾದ ಕೆಲವೇ ವಾರಗಳೊಳಗೆ 4 ರೋಗಿಗಳಿಗೆ ಐ.ಪಿ.ಎಸ್. ಕೋಶಗಳಿಂದ ಸಿದ್ಧಪಡಿಸಿದ ನರಕೋಶಗಳನ್ನು ಕಸಿ ಮಾಡಿ, 2025ರ ಮಾರ್ಚ್ ತಿಂಗಳಲ್ಲಿ ಫಲಿತಾಂಶ ಪ್ರಕಟಿಸಿತು. ಇಬ್ಬರಲ್ಲಿ ಚಲನೆ ಸುಧಾರಿಸಿತು. ಆದರೆ ಗಾಯವಾದ ಮೊದಲ ತಿಂಗಳುಗಳಲ್ಲಿ ಕೆಲವರು ಸಹಜವಾಗಿಯೂ ಚೇತರಿಸಿಕೊಳ್ಳುವುದರಿಂದ, ಇಷ್ಟು ಕಡಿಮೆ ಸಂಖ್ಯೆಯಿಂದ ಚಿಕಿತ್ಸೆಯ ಗುಣವನ್ನು ನಿರ್ಧರಿಸಲಾಗದು.

ಕುತ್ತಿಗೆಯ ಚರ್ಮದ ಮೇಲಿನಿಂದ ವಿದ್ಯುತ್ ಪ್ರಚೋದನೆ ನೀಡುವ ಉಪಕರಣವೊಂದಕ್ಕೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಇದು ಭಾಗಶಃ ಗಾಯವಾದವರ ಕೈಗಳ ಬಲ ಮತ್ತು ಸ್ಪರ್ಶಜ್ಞಾನದ ಸುಧಾರಣೆಗಾಗಿಯೇ ಹೊರತು ನಡಿಗೆಗಾಗಿ ಅಲ್ಲ.

2. ಭಾರತದಲ್ಲಿನ ನಿಯಮ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಬೆನ್ನುಹುರಿ ಗಾಯಕ್ಕೆ ಸ್ಟೆಮ್ ಸೆಲ್ ಬಳಕೆಯು ಅನುಮೋದಿತ ಚಿಕಿತ್ಸೆಯಲ್ಲ. ಅದನ್ನು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನೀಡಬಹುದಾಗಿದ್ದು, ಭಾಗವಹಿಸುವ ರೋಗಿಯಿಂದ ಹಣ ಪಡೆಯುವಂತಿಲ್ಲ.

3. ಒಪ್ಪಿಗೆ ನೀಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

- ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಇದೆಯೇ? (ಸಿ.ಟಿ.ಆರ್.ಐ. ಜಾಲತಾಣದಲ್ಲಿ ಉಚಿತವಾಗಿ ಪರಿಶೀಲಿಸಬಹುದು.)
- ನೈತಿಕ ಸಮಿತಿಯ ಅನುಮೋದನೆ ಇದೆಯೇ?
- ಒಪ್ಪಿಗೆ ಪತ್ರವು ರೋಗಿಗೆ ಅರ್ಥವಾಗುವ ಕನ್ನಡ ಅಥವಾ ಮರಾಠಿಯಲ್ಲಿದೆಯೇ?
- ತೊಂದರೆಯಾದಲ್ಲಿ 2019ರ ನಿಯಮಗಳಂತೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ನೀಡುವವರು ಯಾರು?

ಶುಲ್ಕ ಕೇಳಿದಲ್ಲಿ ಅಥವಾ ಗುಣವಾಗುವುದು ಖಚಿತವೆಂದು ಹೇಳಿದಲ್ಲಿ ಒಪ್ಪಿಗೆ ನೀಡಬಾರದು.

4. ಮುಂದೂಡಬಾರದ ಆರೈಕೆ

ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು ಪ್ರಾಣಾಪಾಯಕ್ಕೆ ಕಾರಣವಾಗಬಲ್ಲವು. ಹಾಸಿಗೆಯಲ್ಲಿರುವ ರೋಗಿಯನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂತ್ರ ವಿಸರ್ಜನೆಯ ಶುದ್ಧ ಕ್ರಮವನ್ನು ವೈದ್ಯರಿಂದ ಕಲಿತು ಪಾಲಿಸಬೇಕು. ಫಿಸಿಯೋಥೆರಪಿಯನ್ನು ನಿಲ್ಲಿಸಬಾರದು. ಮುಂದೆ ಉತ್ತಮ ಚಿಕಿತ್ಸೆ ಬಂದಲ್ಲಿ ಅದರ ಪ್ರಯೋಜನ ಪಡೆಯಲು ಶರೀರವು ಸುಸ್ಥಿತಿಯಲ್ಲಿರುವುದು ಅವಶ್ಯ.

5. ಸೌಲಭ್ಯಗಳಿಗೆ ಅರ್ಜಿ

ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಂತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರು ನಿಗದಿತ ಸೌಲಭ್ಯಗಳಿಗೆ ಪರಿಗಣಿಸಲ್ಪಡುತ್ತಾರೆ. ಯು.ಡಿ.ಐ.ಡಿ. ಗುರುತಿನ ಚೀಟಿಗಾಗಿ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಹೊಸ ಚಿಕಿತ್ಸೆಯ ಫಲಿತಾಂಶಕ್ಕಾಗಿ ಕಾಯುವ ಅಗತ್ಯವಿಲ್ಲ. ಚೇತರಿಕೆಯ ಸಾಧ್ಯತೆ ಇರುವವರಿಗೆ ತಾತ್ಕಾಲಿಕ ಪ್ರಮಾಣಪತ್ರ ನೀಡಲು ಅವಕಾಶವಿದೆ. ಮಿರಜ, ಕೊಲ್ಹಾಪುರಗಳಲ್ಲಿ ಚಿಕಿತ್ಸೆ ಪಡೆದವರು ಡಿಸ್ಚಾರ್ಜ್ ಪತ್ರ ಮತ್ತು ಎಂ.ಆರ್.ಐ. ವರದಿಗಳನ್ನು ಜೋಪಾನವಾಗಿ ಇಟ್ಟುಕೊಂಡು ತಪಾಸಣೆಯ ಸಮಯದಲ್ಲಿ ಹಾಜರುಪಡಿಸತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಬೆಳಗಾವಿಯ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.