ಗಾಳಕ್ಕೆ ಗುರುತಾದ ಮೀನು

1932ರ ಜೂನ್ 2. ಮಳೆ ಬಂದು ಹೊಲ ಕೆಸರಾಗಿತ್ತು, ಉಳುವ ಹಾಗಿರಲಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಇಪ್ಪತ್ತರ ಆಸುಪಾಸಿನ ರೈತ ಜಾರ್ಜ್ ಪೆರಿ ಗೆಳೆಯನೊಬ್ಬನ ಜೊತೆ ಆಕ್ಮಲ್ಗೀ ನದಿಯ ಪಕ್ಕದ ಮಡುವಿನಲ್ಲಿ ಗಾಳ ಹಾಕಲು ಹೋದ. ಸಿಕ್ಕಿದ್ದು 22 ಪೌಂಡ್ 4 ಔನ್ಸಿನ ಬ್ಯಾಸ್, ಅಂದರೆ ಹತ್ತು ಕಿಲೋಗೆ ತುಸು ಮೇಲೆ. (ನಮ್ಮ ಆಫೀಸುಗಳ ಬಾಸ್ ಬೇರೆ. ಇದು ದೊಡ್ಡ ಬಾಯಿಯ, ಹಸಿರು ಮೈಯ, ಸಿಹಿನೀರಿನ ಬೇಟೆಗಾರ ಮೀನು.) ತೂಕ ಹಾಕಿಸಿ, ಪತ್ರಿಕೆಯೊಂದರ ಸ್ಪರ್ಧೆಗೆ ವಿವರ ಕಳಿಸಿದ. ಮೀನನ್ನು ಮನೆಯವರೆಲ್ಲ ತಿಂದು ಮುಗಿಸಿದರು. ಆರ್ಥಿಕ ಕುಸಿತದ ಕಾಲ; ಮೀನೆಂದರೆ ಊಟ. ಆ ತೂಕವನ್ನು ಸರಿಗಟ್ಟಲು ಜಗತ್ತಿಗೆ 77 ವರ್ಷ ಹಿಡಿಯಿತು.

ಅಷ್ಟರಲ್ಲಿ ಬ್ಯಾಸ್ ಅಡುಗೆಮನೆಯಿಂದ ಹೊರಬಿದ್ದಿತ್ತು. 1959ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಸುತ್ತಲಿನ ಜಲಾಶಯಗಳಿಗೆ ಫ್ಲೋರಿಡಾದ ಬ್ಯಾಸ್ ತಂದು ಬಿಟ್ಟರು. ಈ ತಳಿ ಹೆಚ್ಚು ದೊಡ್ಡದಾಗಿ ಬೆಳೆಯುತ್ತದೆ. ಸಾಲದ್ದಕ್ಕೆ, ಗಾಳದವರಿಗೆಂದು ಆ ಕೆರೆಗಳಿಗೆ ಸುರಿಯುತ್ತಿದ್ದ ಟ್ರೌಟ್ ಮೀನುಗಳು ಇವಕ್ಕೆ ಕೂತಲ್ಲೇ ಬಂದ ಊಟ. 1972ರ ಹೊತ್ತಿಗೆ ಬ್ಯಾಸ್ ಪಂದ್ಯಗಳ ರೂವಾರಿ ರೇ ಸ್ಕಾಟ್, ಹಿಡಿದದ್ದನ್ನು ಕೊಲ್ಲಬೇಡಿ, ನೀರಿಗೆ ಬಿಡಿ ಎಂದು ಪ್ರಚಾರಕ್ಕಿಳಿದ.

ಒಳ್ಳೆಯ ಮಾತೇ. ಆದರೆ ಊರ ಪಕ್ಕದ ಸಣ್ಣ ತಿಳಿನೀರ ಕೆರೆಯಲ್ಲಿ ಇದರ ಅರ್ಥವೇ ಬೇರೆ. ಅದೇ ಮೀನು ಬದುಕಿನುದ್ದಕ್ಕೂ ಮತ್ತೆ ಮತ್ತೆ ಗಾಳ ಕಾಣುತ್ತದೆ. ನೀರು ತಿಳಿಯಾದಷ್ಟೂ ದಾರ ಕಾಣುತ್ತದೆ, ದೋಣಿ ಕಾಣುತ್ತದೆ. ಗಾಳದವರು ದಾರ ಸಪೂರ ಮಾಡಿದರು, ಎರೆ ಚಿಕ್ಕದು ಮಾಡಿದರು, ಎಳೆದಾಡುವ ಬದಲು ನೀರಲ್ಲಿ ಸುಮ್ಮನೆ ನಡುಗಿಸುವುದನ್ನು ಕಲಿತರು.

ಮೀನು ನಿಜವಾಗಿ ಬದಲಾಗುತ್ತದೆಯೇ? ಇಲಿನಾಯ್ ರಾಜ್ಯದ ರಿಜ್ ಲೇಕ್‌ನಲ್ಲಿ 1970ರ ದಶಕದಲ್ಲಿ ಸಿಕ್ಕ ಪ್ರತಿ ಬ್ಯಾಸ್‌ಗೂ ಗುರುತು ಹಾಕಿ, ಲೆಕ್ಕ ಬರೆದು, ಮರಳಿ ಬಿಡುತ್ತ ಹೋದರು. ನಾಲ್ಕು ವರ್ಷದ ಮೇಲೆ ಕೆರೆ ಬರಿದು ಮಾಡಿ ಎಣಿಸಿದಾಗ 1,700ಕ್ಕೂ ಹೆಚ್ಚು ಮೀನುಗಳಿದ್ದವು. ಸುಮಾರು 200 ಒಮ್ಮೆಯೂ ಸಿಕ್ಕಿರಲಿಲ್ಲ. ಒಂದು ಮೀನಂತೂ ಒಂದೇ ವರ್ಷದಲ್ಲಿ 16 ಸಲ ಸಿಕ್ಕಿತ್ತು! ಎರಡು ಬಗೆಯವನ್ನೂ ಬೇರೆ ಬೇರೆ ಸಾಕಿ ಮೂರು ತಲೆಮಾರು ನೋಡಿದರು. ಗಾಳಕ್ಕೆ ಬೀಳುವ, ಬೀಳದಿರುವ ಗುಣ ಮರಿಗಳಿಗೂ ಇಳಿದಿತ್ತು.

ನನ್ನನ್ನು ಕಾಡಿದ್ದು ಇದರ ಮುಂದುವರಿಕೆ. ಬ್ಯಾಸ್‌ಗಳಲ್ಲಿ ಮೊಟ್ಟೆ, ಮರಿ ಕಾಯುವುದು ಅಪ್ಪನ ಕೆಲಸ. ವಸಂತದಲ್ಲಿ ದಡದ ಹತ್ತಿರ ತಳವನ್ನು ಬಾಲದಿಂದ ಗುಡಿಸಿ ಗೂಡು ಮಾಡಿ, ಹತ್ತಿರ ಬಂದವರ ಮೇಲೆಲ್ಲ ಏರಿಹೋಗುತ್ತದೆ. ಗಾಳಕ್ಕೆ ಸುಲಭವಾಗಿ ಬೀಳುವ ಗಂಡುಗಳೇ ಮರಿಗಳನ್ನು ಹೆಚ್ಚು ನಿಗಾ ಇಟ್ಟು ಕಾಯುತ್ತವೆ ಎಂದು ಅದೇ ಮೀನುಗಳ ಮೇಲಿನ 2012ರ ಅಧ್ಯಯನ ತೋರಿಸಿತು. ತಿಳಿನೀರಲ್ಲಿ ಆ ಗೂಡು ದೋಣಿಯಿಂದಲೇ ಕಾಣುತ್ತದೆ. ಅಪ್ಪನನ್ನು ಎತ್ತಿ, ಫೋಟೊ ತೆಗೆದು, ಬಿಡುವಷ್ಟರಲ್ಲಿ ಬೇರೆ ಮೀನುಗಳು ಗೂಡಿಗೆ ನುಗ್ಗಿರುತ್ತವೆ. ಬಿಟ್ಟುಬಿಟ್ಟೆ ಎನ್ನುವ ಸಮಾಧಾನ ಆಗ ಯಾರದ್ದು?

ಇನ್ನು ಡಿಕ್ಸನ್ ಲೇಕ್. ಸ್ಯಾನ್ ಡಿಯಾಗೋ ಬಳಿಯ ಎಸ್ಕಾಂಡಿಡೋ ಊರಿನ ಪುಟ್ಟ ಜಲಾಶಯ. ಅಲ್ಲೊಂದು ಹೆಣ್ಣು ಬ್ಯಾಸ್. ಕಿವಿರಿನ ಬಳಿ ಕಪ್ಪು ಚುಕ್ಕೆ ಇದ್ದುದರಿಂದ ಡಾಟಿ ಎಂದು ಹೆಸರು ಬಿತ್ತು. 2003ರಲ್ಲಿ ಜೆಡ್ ಡಿಕರ್‌ಸನ್ ಹಿಡಿದಾಗ 21 ಪೌಂಡ್ 11 ಔನ್ಸ್. ಬಿಟ್ಟ. 2006ರ ಮಾರ್ಚ್ 20ರಂದು ಅವನ ಗೆಳೆಯ ಮ್ಯಾಕ್ ವೀಕ್ಲಿಯ ಗಾಳಕ್ಕೆ ಅದೇ ಮೀನು ಬಂತು. ಕೈತಕ್ಕಡಿ 25 ಪೌಂಡ್ 1 ಔನ್ಸ್ ತೋರಿಸಿತು. ಪೆರಿಯ ದಾಖಲೆಗಿಂತ ಸುಮಾರು ಮೂರು ಪೌಂಡ್ ಹೆಚ್ಚು. ಆದರೆ ಕೊಕ್ಕೆ ಸಿಕ್ಕಿದ್ದು ಬಾಯಿಗಲ್ಲ, ಬೆನ್ನಿನ ಈಜುರೆಕ್ಕೆಯ ಬಳಿ ಮೈಗೆ. ಫೋಟೊ ತೆಗೆದು ನೀರಿಗೆ ಬಿಟ್ಟರು. ದಾಖಲೆಗೆ ಹಕ್ಕು ಸಾಧಿಸುವುದಿಲ್ಲ ಎಂದು ವೀಕ್ಲಿ ಕೆಲವೇ ದಿನಗಳಲ್ಲಿ ಹೇಳಿದ. ಆ ಹಿಂಜರಿಕೆ ನನಗೆ ದಾಖಲೆಗಿಂತ ದೊಡ್ಡದಾಗಿ ಕಾಣುತ್ತದೆ, ಮೀನು ಆಗ ಮೊಟ್ಟೆಯಿಡುವ ಜಾಗದಲ್ಲಿತ್ತು ಎಂಬುದು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

2008ರ ಮೇ ತಿಂಗಳಲ್ಲಿ ಡಿಕ್ಸನ್ ಲೇಕ್‌ನಲ್ಲಿ ಸತ್ತ ಬ್ಯಾಸ್ ಒಂದು ತೇಲಿತು. ತೂಕ 19 ಪೌಂಡಿಗೆ ಇಳಿದಿತ್ತು. ಕಪ್ಪು ಚುಕ್ಕೆ ನೋಡಿ ಗುರುತು ಹಿಡಿದರು.